ಒಂದು ಚೀಲದ ಹಿಂದೆ: ಬೆಳೆ ಮಾರಾಟದಲ್ಲಿ ಅಸ್ಮಿತೆಯ ರಾಜಕಾರಣವನ್ನು ಅಧ್ಯಯನ ಮಾಡುವ ಬಗೆ

ಅಕ್ಕಪಕ್ಕದ ಹೊಲದ ಇಬ್ಬರು ಒಂದೇ ಬೆಳೆಯನ್ನು ಒಂದೇ ವಾರ ಒಂದೇ ಮಾರುಕಟ್ಟೆಗೆ ಒಯ್ದರೂ ಮನೆಗೆ ತರುವ ಹಣ ಒಂದೇ ಆಗಿರುವುದಿಲ್ಲ. ಅರ್ಥಶಾಸ್ತ್ರ ಓದಿದವರು ಇದಕ್ಕೆ ಗುಣಮಟ್ಟ, ದೂರ, ಪ್ರಮಾಣಗಳನ್ನು ಕಾರಣವಾಗಿ ಹೇಳುತ್ತಾರೆ. ರಾಜಕೀಯಶಾಸ್ತ್ರ ಓದಿದವರು ಜಾತಿ, ಬುಡಕಟ್ಟು, ಭಾಷೆ, ಲಿಂಗಗಳನ್ನು ಹೇಳುತ್ತಾರೆ. ಇಬ್ಬರ ಮಾತೂ ನಿಜವಿರಬಹುದು. ಆದರೆ ವ್ಯತ್ಯಾಸ ಯಾವ ಕೈಯಲ್ಲಿ, ಯಾವ ಹೊತ್ತಿನಲ್ಲಿ ಉಂಟಾಯಿತು ಎಂದು ತೋರಿಸಲಾಗದಿದ್ದರೆ ಎರಡೂ ಊಹೆಯಾಗಿಯೇ ಉಳಿಯುತ್ತವೆ. ಅಭಿವೃದ್ಧಿಶೀಲ ದೇಶಗಳ ಗ್ರಾಮೀಣ ಬದುಕನ್ನು ಮೊದಲ ಬಾರಿಗೆ ಕ್ಷೇತ್ರಕ್ಕೆ ಹೋಗಿ ಅಧ್ಯಯನ ಮಾಡಲು ಹೊರಟ ವಿದ್ಯಾರ್ಥಿಗಳಿಗೆ, ವರದಿಗಾರರಿಗೆ ಮತ್ತು ಸಂಸ್ಥೆಗಳ ಕಾರ್ಯಕರ್ತರಿಗೆ ನಾನು ಸೂಚಿಸುವ ದಾರಿ ಸರಳವಾದದ್ದು: ಒಂದು ಚೀಲವನ್ನು ಆರಿಸಿಕೊಳ್ಳಿ, ಅದು ಹೊಲದಿಂದ ಹೊರಟು ಅದರ ಹಣ ಮನೆಯಲ್ಲಿ ಎಣಿಕೆಯಾಗುವವರೆಗೆ ಅದರ ಹಿಂದೆಯೇ ಹೋಗಿ, ಅದು ಕೈ ಬದಲಿಸಿದಾಗಲೆಲ್ಲ ‘ಬೇರೆಯವರಿಗೆ ಏಕೆ ಕೊಡಲಿಲ್ಲ, ಇವರಿಗೇ ಏಕೆ ಕೊಟ್ಟಿರಿ’ ಎಂದು ಕೇಳಿ. ಅಸ್ಮಿತೆಯ, ಅಂದರೆ ಜಾತಿ, ಬುಡಕಟ್ಟು, ಭಾಷೆ, ಲಿಂಗಗಳಂಥ ಗುರುತಿನ ಬಗ್ಗೆ ನೇರವಾಗಿ ಕೇಳುವ ಅಗತ್ಯ ಬಹುಮಟ್ಟಿಗೆ ಬರುವುದೇ ಇಲ್ಲ. ಈ ಒಂದು ಪ್ರಶ್ನೆಯ ಉತ್ತರದಲ್ಲಿ ಅದು ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಚೀಲದ ಹಿಂದೆ ಹೊರಡುವ ಮೊದಲು ಮನೆಯ ವರ್ಷದ ಲೆಕ್ಕವನ್ನು ತಿಳಿಯಬೇಕು. ರೈತನ ಮನೆ ಬೆಳೆಯಿಂದಲೇ ಬದುಕುತ್ತದೆ ಎಂಬುದು ನಾವು ಪರೀಕ್ಷಿಸದೆ ಒಪ್ಪಿಕೊಂಡ ನಂಬಿಕೆ. ಭಾರತದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 2018-19ರ ಲೆಕ್ಕದ ಪ್ರಕಾರ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ ಮತ್ತು ಸಂಬಳದ ಪಾಲು 4,063 ರೂಪಾಯಿಯಾದರೆ ಬೆಳೆಯಿಂದ ಉಳಿದದ್ದು 3,798 ರೂಪಾಯಿ, ಜಾನುವಾರುಗಳಿಂದ ಬಂದದ್ದು 1,582 ರೂಪಾಯಿ. ಸಭೆಯಲ್ಲಿ ‘ನಾವು ರೈತರು’ ಎಂದು ಹೇಳಿಕೊಳ್ಳುವ ಮನೆಯೇ ಕೂಲಿಯಿಂದ ಹೆಚ್ಚು ಗಳಿಸುತ್ತಿರಬಹುದು. ಆದ್ದರಿಂದ ‘ನಿಮ್ಮ ಉದ್ಯೋಗವೇನು’ ಎಂದು ಕೇಳುವ ಬದಲು ಹನ್ನೆರಡು ತಿಂಗಳ ಒಂದು ಪಟ್ಟಿ ಮಾಡಿ, ಯಾವ ತಿಂಗಳಲ್ಲಿ ಯಾರು ಎಲ್ಲಿ ದುಡಿದರು, ಯಾವ ತಿಂಗಳಲ್ಲಿ ಸಾಲವಾಯಿತು, ಯಾವ ತಿಂಗಳಲ್ಲಿ ಧಾನ್ಯವನ್ನು ಕೊಂಡು ತಂದರು ಎಂಬುದನ್ನು ತುಂಬಿಕೊಳ್ಳಿ. ಈ ಪಟ್ಟಿಯನ್ನು ಮನೆಯ ಗಂಡಸರಿಂದ ಒಮ್ಮೆ, ಹೆಂಗಸರಿಂದ ಬೇರೆಯಾಗಿ ಇನ್ನೊಮ್ಮೆ ತುಂಬಿಸಿದರೆ ಎರಡೂ ಹೊಂದುವುದು ಅಪರೂಪ. ಹೊಂದದ ಕಡೆಗಳನ್ನು ತಿದ್ದಿ ಸರಿಮಾಡಲು ಹೋಗಬೇಡಿ, ಅಧ್ಯಯನಕ್ಕೆ ಬೇಕಾದದ್ದು ಅಲ್ಲಿಯೇ ಇದೆ.

ಜೀವನೋಪಾಯವೆಂದರೆ ಬದುಕಲು ಬೇಕಾದ ಸಾಮರ್ಥ್ಯ, ಆಸ್ತಿ ಮತ್ತು ಚಟುವಟಿಕೆಗಳ ಒಟ್ಟು ಎಂಬ ವ್ಯಾಖ್ಯೆಯನ್ನು 1992ರಲ್ಲಿ ಗ್ರಾಮೀಣಾಭಿವೃದ್ಧಿಯ ಅಧ್ಯಯನಕಾರರಾದ ರಾಬರ್ಟ್ ಚೇಂಬರ್ಸ್ ಮತ್ತು ಗಾರ್ಡನ್ ಕಾನ್ವೇ ಮುಂದಿಟ್ಟರು. ಅದನ್ನು ಆಧರಿಸಿದ ಐದು ಬಂಡವಾಳಗಳ ಚಿತ್ರ ಆ ಬಳಿಕ ಅನೇಕ ಯೋಜನಾ ವರದಿಗಳಲ್ಲಿ ಕಾಣಿಸತೊಡಗಿತು: ನೆಲ-ನೀರು, ಉಪಕರಣ, ಹಣ, ಕೌಶಲ ಮತ್ತು ಸಾಮಾಜಿಕ ಸಂಬಂಧ. ಪಟ್ಟಿ ಮಾಡಿಕೊಳ್ಳಲು ಆ ಚಿತ್ರ ಉಪಯುಕ್ತವೇ. ನನ್ನ ತಕರಾರು ಕೊನೆಯ ಬಂಡವಾಳದ ಬಗ್ಗೆ ಮಾತ್ರ. ಸಂಬಂಧವನ್ನು ಎಮ್ಮೆ, ನೇಗಿಲುಗಳಂತೆ ಒಂದು ಮನೆಯ ಸ್ವತ್ತೆಂದು ಎಣಿಸಿದರೆ, ಒಬ್ಬರಿಗೆ ಬಾಗಿಲು ತೆರೆಯುವ ಸಂಬಂಧವೇ ಇನ್ನೊಬ್ಬರಿಗೆ ಅದೇ ಬಾಗಿಲನ್ನು ಮುಚ್ಚಿರುತ್ತದೆ ಎಂಬುದು ಮರೆಯಾಗುತ್ತದೆ.

ಮೊದಲ ಕೈ ನೆಲದ್ದು. ಬೆಳೆ ಯಾರ ಹೆಸರಿನ ಜಮೀನಿನಲ್ಲಿ ಬೆಳೆಯಿತು, ಯಾರು ದುಡಿದರು, ಮಾರುವ ತೀರ್ಮಾನ ಯಾರದು, ಹಣ ಯಾರ ಕೈಗೆ ಬಂತು ಎಂಬ ನಾಲ್ಕನ್ನೂ ಬೇರೆ ಬೇರೆ ಪ್ರಶ್ನೆಗಳಾಗಿ ಕೇಳಬೇಕು. ಭಾರತದ 2015-16ರ ಕೃಷಿ ಗಣತಿಯಲ್ಲಿ ಶೇ 86ರಷ್ಟು ಹಿಡುವಳಿಗಳು ಸಣ್ಣ ಮತ್ತು ಅತಿಸಣ್ಣ ಹಿಡುವಳಿಗಳಾಗಿದ್ದವು, ಆದರೆ ಅವುಗಳ ಪಾಲಿನ ವಿಸ್ತೀರ್ಣ ಶೇ 47 ಮಾತ್ರ. ಮಹಿಳೆಯರು ನಡೆಸುತ್ತಿದ್ದ ಹಿಡುವಳಿಗಳು ಸುಮಾರು ಶೇ 14. ಕಾಗದದಲ್ಲಿ ಹೆಸರಿಲ್ಲದವರಿಗೆ ಬ್ಯಾಂಕಿನ ಬೆಳೆಸಾಲ ಸುಲಭವಾಗಿ ಸಿಗುವುದಿಲ್ಲ, ಸರ್ಕಾರಿ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದೂ ಕಷ್ಟ. ಹೀಗಾಗಿ ಗೇಣಿಗೆ ಅಥವಾ ಪಾಲಿಗೆ ಮಾಡುವವರು ಬಿತ್ತುವ ಮೊದಲೇ ವ್ಯಾಪಾರಿಯ ಸಾಲಕ್ಕೆ ಕೈಚಾಚುತ್ತಾರೆ, ಮತ್ತು ಬೆಳೆ ಯಾರಿಗೆ ಹೋಗಬೇಕೆಂಬುದು ಅಂದೇ ನಿರ್ಧಾರವಾಗಿಬಿಡುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಗೇಣಿ ಕಾನೂನುಬಾಹಿರವಾಗಿರುವ ಕಡೆಗಳಲ್ಲಿ ‘ನೀವು ಎಷ್ಟು ವರ್ಷದಿಂದ ಈ ಹೊಲ ಮಾಡುತ್ತಿದ್ದೀರಿ’ ಎಂಬ ನಿಮ್ಮ ಅಮಾಯಕ ಪ್ರಶ್ನೆ ಜಮೀನಿನ ಒಡೆಯರ ಕಿವಿಗೆ ಬಿದ್ದರೆ ಮುಂದಿನ ವರ್ಷ ಆ ಹೊಲ ಬೇರೆಯವರ ಪಾಲಾಗಬಹುದು. ಅಂಥ ಪ್ರಶ್ನೆಯನ್ನು ನಾಲ್ಕು ಜನರ ಮುಂದೆ ಕೇಳಬೇಡಿ, ಉತ್ತರವನ್ನು ಹೆಸರಿನೊಂದಿಗೆ ಬರೆದಿಡಲೂಬೇಡಿ.

ನೆಲದ ಪ್ರಶ್ನೆ ಅಸ್ಮಿತೆಯ ಪ್ರಶ್ನೆಯಾಗಿ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕಾದವರು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಕೋಕೊ (ಚಾಕೊಲೇಟ್ ಮಾಡುವ ಬೀಜ) ಬೆಳೆಯುವ ಪ್ರದೇಶವನ್ನು ಅಭ್ಯಾಸ ಮಾಡಬೇಕು. ಸ್ವಾತಂತ್ರ್ಯಾನಂತರ ಮೂರು ದಶಕ ಅಧ್ಯಕ್ಷರಾಗಿದ್ದ ಫೆಲಿಕ್ಸ್ ಉಫ್ವೆ ಬ್ವಾನ್ಯಿ ಅವರ ಕಾಲದಲ್ಲಿ ಉಳುವವನೇ ನೆಲದೊಡೆಯ ಎಂಬುದು ಆಡಳಿತದ ಧೋರಣೆಯಾಗಿತ್ತು. ದೇಶದ ಮಧ್ಯಭಾಗದಿಂದಲೂ ಇಂದಿನ ಬುರ್ಕಿನಾ ಫಾಸೊ, ಮಾಲಿಗಳಿಂದಲೂ ಬಂದ ಜನ ನೈರುತ್ಯದ ಕಾಡನ್ನು ಕಡಿದು ಕೋಕೊ ನೆಟ್ಟರು. ಸ್ಥಳೀಯರು ನೆಲವನ್ನು ಬಿಟ್ಟುಕೊಟ್ಟರು, ಬಂದವರು ಕಾಣಿಕೆ ಮತ್ತು ನೆರವಿನ ರೂಪದಲ್ಲಿ ಆ ಋಣವನ್ನು ತೀರಿಸುತ್ತ ಬಂದರು. ಕೋಕೊ ಬೆಲೆ ಚೆನ್ನಾಗಿದ್ದಷ್ಟು ಕಾಲ, ಇದು ಮಾರಾಟವೋ ಬಾಡಿಗೆಯೋ ಉಪಕಾರವೋ ಎಂದು ಸ್ಪಷ್ಟಪಡಿಸಿಕೊಳ್ಳುವ ಅಗತ್ಯ ಯಾರಿಗೂ ಬೀಳಲಿಲ್ಲ. 1980ರ ದಶಕದ ಕೊನೆಯಲ್ಲಿ ಬೆಲೆ ಕುಸಿದು, ನಗರಗಳಲ್ಲಿ ಕೆಲಸ ಕಳೆದುಕೊಂಡ ಸ್ಥಳೀಯ ಯುವಕರು ಊರಿಗೆ ಹಿಂತಿರುಗಿದಾಗ ತಮ್ಮ ಹಿರಿಯರ ನೆಲದಲ್ಲಿ ಪರಸ್ಥಳದವರ ತೋಟಗಳನ್ನು ಕಂಡರು. 1990ರ ದಶಕದಲ್ಲಿ ‘ಐವರಿತನ’ದ, ಅಂದರೆ ನಿಜವಾದ ಐವರಿ ಕೋಸ್ಟಿನವರು ಯಾರೆಂದು ವಿಂಗಡಿಸುವ ರಾಜಕೀಯ ಬೆಳೆಯಿತು. 1998ರ ಕಾನೂನು ಗ್ರಾಮೀಣ ನೆಲದ ಒಡೆತನವನ್ನು ದೇಶದ ಪ್ರಜೆಗಳಿಗೆ ಸೀಮಿತಗೊಳಿಸಿತು. 1999ರಲ್ಲಿ ಸೇನಾ ದಂಗೆ, 2002ರಲ್ಲಿ ಅಂತರ್ಯುದ್ಧ ನಡೆದವು. ಇವುಗಳಿಗೆ ಕೋಕೊ ಒಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಬೆಲೆ, ನೆಲ ಮತ್ತು ‘ಇಲ್ಲಿಯವರು ಯಾರು’ ಎಂಬ ಪ್ರಶ್ನೆ ಒಂದರೊಳಗೊಂದು ಹೆಣೆದುಕೊಂಡ ಬಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೀವು ಅಧ್ಯಯನ ಮಾಡುವ ಊರಿನಲ್ಲಿಯೂ ಹೊರಗಿನವರೆಂದು ಕರೆಯಲಾಗುವವರು ಬಂದ ವರ್ಷ, ಅಂದಿನ ಬೆಳೆ ಬೆಲೆ ಮತ್ತು ಆ ಮಾತು ಹುಟ್ಟಿಕೊಂಡ ವರ್ಷ, ಈ ಮೂರನ್ನೂ ಒಂದರ ಪಕ್ಕ ಒಂದು ಬರೆದು ನೋಡಿ.

ಎರಡನೆಯ ಕೈ ಸಾಲದ್ದು, ಮತ್ತು ನಿಮ್ಮ ಸಮಯದ ಅರ್ಧಭಾಗವನ್ನು ಇದಕ್ಕೇ ಕೊಟ್ಟರೂ ತಪ್ಪಿಲ್ಲ. ‘ಬಡ್ಡಿ ಎಷ್ಟು’ ಎಂದು ಕೇಳಿದರೆ ‘ಬಡ್ಡಿ ಇಲ್ಲ, ಪರಿಚಯದವರು’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಬಡ್ಡಿ ಅಲ್ಲಿ ಬಡ್ಡಿಯೆಂಬ ಹೆಸರಿನಲ್ಲಿ ಇರುವುದಿಲ್ಲ ಅಷ್ಟೆ: ಕ್ವಿಂಟಲ್‌ಗೆ ಕಡಿಮೆ ಹಿಡಿದ ದರದಲ್ಲಿ, ತೂಕದ ಕಡಿತದಲ್ಲಿ, ಹಣ ಕೊಡುವ ದಿನವನ್ನು ಮುಂದೂಡುವುದರಲ್ಲಿ ಅದು ಅಡಗಿರುತ್ತದೆ. ಆದ್ದರಿಂದ ಮಾರಾಟದ ಪಟ್ಟಿಯನ್ನು ತೋರಿಸಲು ಕೇಳಿ, ಲೆಕ್ಕವನ್ನು ನೀವೇ ಮಾಡಿ. ಬಿತ್ತನೆಯ ಹೊತ್ತಿಗೆ 20,000 ರೂಪಾಯಿ ಮುಂಗಡ ಪಡೆದವರು ಐದು ತಿಂಗಳ ನಂತರ 40 ಕ್ವಿಂಟಲ್ ತಂದು, ಆ ದಿನದ ದರಕ್ಕಿಂತ ಕ್ವಿಂಟಲ್‌ಗೆ 50 ರೂಪಾಯಿ ಕಡಿಮೆಗೆ ಕೊಟ್ಟರು ಎಂದಿಟ್ಟುಕೊಳ್ಳಿ. ಬಿಟ್ಟುಕೊಟ್ಟದ್ದು 2,000 ರೂಪಾಯಿ, ಅಂದರೆ ಐದು ತಿಂಗಳಿಗೆ ಶೇ 10, ವರ್ಷಕ್ಕೆ ಶೇ 24. ಈ ಲೆಕ್ಕವನ್ನು ಮಾಡಿ ಮುಗಿಸಿದ ಮೇಲೆ ವ್ಯಾಪಾರಿಯನ್ನು ಶೋಷಕನೆಂದು ಬರೆಯುವ ಆತುರವೂ ಬೇಡ. ಮಧ್ಯರಾತ್ರಿ ಆಸ್ಪತ್ರೆಗೆ ಹಣ ಬೇಕಾದಾಗ, ಮದುವೆಯ ಹಿಂದಿನ ದಿನ ಕೈ ಖಾಲಿಯಾದಾಗ ಅಡಮಾನವಿಲ್ಲದೆ ಕೊಡುವವರು ಆ ಊರಿನಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿ. 2020ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ತಂದ ಮೂರು ಕೃಷಿ ಕಾನೂನುಗಳ ಬಗೆಗಿನ ವಾದದಲ್ಲಿ ದಲ್ಲಾಳಿ ಎಂದರೆ ಕಮಿಷನ್ ತಿನ್ನುವ ನಡುವಿನವನು ಎಂದು ಒಂದು ಕಡೆಯವರು ಹೇಳಿದರೆ, ಪಂಜಾಬಿನ ಅನೇಕ ರೈತರು ಅದೇ ಆಡತಿಯರನ್ನು (ಮಂಡಿಯ ದಲ್ಲಾಳಿಗಳನ್ನು) ತಮ್ಮ ಕಷ್ಟಕಾಲದಲ್ಲಿ ಸಾಲ ಕೊಡುವವರಾಗಿಯೂ ಕಂಡಿದ್ದರು. ಸುಮಾರು ಒಂದು ವರ್ಷದ ಹೋರಾಟದ ನಂತರ 2021ರ ನವೆಂಬರ್‌ನಲ್ಲಿ ಆ ಕಾನೂನುಗಳು ರದ್ದಾದವು. ಎರಡೂ ಚಿತ್ರಗಳು ನಿಜವಾಗಿರಲು ಸಾಧ್ಯವೆಂಬುದನ್ನು ಗ್ರಹಿಸದ ಅಧ್ಯಯನಕ್ಕೆ ಆ ಹೋರಾಟ ಅರ್ಥವಾಗುವುದಿಲ್ಲ.

ಸಾಲದ ಪ್ರಶ್ನೆಯಿಂದಲೇ ಅಸ್ಮಿತೆಯ ಪ್ರಶ್ನೆಗೆ ಸಹಜವಾದ ದಾರಿಯಿದೆ. ಯಾರಿಗೆ ಜಾಮೀನಿಲ್ಲದೆ ಎಷ್ಟು ಮುಂಗಡ ಸಿಗುತ್ತದೆ ಎಂದು ನಾಲ್ಕಾರು ಮನೆಗಳಲ್ಲಿ ಕೇಳಿದರೆ ಒಂದು ವಿನ್ಯಾಸ ಹೊರಬರುತ್ತದೆ. ಒಂದು ಸಮುದಾಯದ ವ್ಯಾಪಾರಿ ತನ್ನ ಸಮುದಾಯದವರಿಗೆ ಹೆಚ್ಚು ಕೊಡುವುದನ್ನು ಅಭಿಮಾನವೆಂದು ವಿವರಿಸಿ ಸುಮ್ಮನಾಗುವುದು ವಾಡಿಕೆ. ವಾಸ್ತವದಲ್ಲಿ ಅದು ವಸೂಲಿಯ ಏರ್ಪಾಡು. ಸಾಲ ತೀರಿಸದವನ ಬಗ್ಗೆ ನೆಂಟರಿಷ್ಟರಲ್ಲಿ ಮಾತಾಗುತ್ತದೆ, ಮದುವೆಯ ಮಾತುಕತೆಯಲ್ಲಿ ಅದು ಎದುರಾಗುತ್ತದೆ, ಮಾನ ಹೋಗುವ ಭಯ ಕೋರ್ಟಿಗಿಂತ ಬೇಗ ಕೆಲಸ ಮಾಡುತ್ತದೆ. ಒಳಗಿನವರಿಗೆ ಸಾಲವನ್ನು ಅಗ್ಗವಾಗಿಸುವ ಈ ಏರ್ಪಾಡು ಹೊರಗಿನವರನ್ನು ದೂರವಿಡುತ್ತದೆ, ಮತ್ತು ಒಂದು ಬೆಳೆಯ ವ್ಯಾಪಾರ ತಲೆಮಾರುಗಳ ಕಾಲ ಒಂದೇ ಸಮುದಾಯದ ಕೈಯಲ್ಲಿ ಉಳಿಯುವುದಕ್ಕೆ ದೊಡ್ಡ ಕಾರಣವಾಗುತ್ತದೆ. ಯಾರಿಗೂ ದ್ವೇಷವಿಲ್ಲದೆಯೂ ಹೊರಗಿಡುವಿಕೆ ನಡೆಯಬಲ್ಲದು ಎಂಬುದನ್ನು ಗಮನಿಸಿ.

ಮೂರನೆಯ ಕೈ ಮಾರುಕಟ್ಟೆಯ ಪ್ರಾಂಗಣ. ಅಲ್ಲಿ ಎರಡು ದಿನವಾದರೂ ಬೆಳಗಿನಿಂದ ಸಂಜೆಯವರೆಗೆ ನಿಲ್ಲಬೇಕು, ಮೊದಲ ದಿನ ಏನನ್ನೂ ಕೇಳದೆ. ಯಾರ ಮಾಲು ಮೊದಲು ಇಳಿಯುತ್ತದೆ, ಯಾರು ಅಂಗಡಿಯ ಒಳಗೆ ಹೋಗಿ ಕೂರುತ್ತಾರೆ, ಯಾರು ಹೊರಗೆ ಚೀಲದ ಪಕ್ಕದಲ್ಲಿಯೇ ನಿಂತಿರುತ್ತಾರೆ, ಮಾದರಿಗೆಂದು ತೆಗೆದ ಹಿಡಿಕಾಳು ಮರಳಿ ಚೀಲಕ್ಕೆ ಬೀಳುತ್ತದೆಯೇ, ತೇವಾಂಶವನ್ನು ಯಂತ್ರದಿಂದ ಅಳೆಯುತ್ತಾರೋ ಹಲ್ಲಿನಿಂದ ಕಡಿದು ಹೇಳುತ್ತಾರೋ, ಹಮಾಲಿ ಮತ್ತು ಇತರ ಕಡಿತಗಳು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬೀಳುತ್ತವೆಯೇ ಎಂಬುದನ್ನು ನೋಡುತ್ತ ಹೋಗಿ. ಬಾಡುವ ಸರಕಿನಲ್ಲಿ ಕಾಯುವಿಕೆಯೇ ಬೆಲೆ: ಬೆಳಿಗ್ಗೆ ಎಂಟಕ್ಕೆ ತೂಗಿದ ತರಕಾರಿಯೂ ಹನ್ನೊಂದಕ್ಕೆ ತೂಗಿದ ತರಕಾರಿಯೂ ಒಂದೇ ಅಲ್ಲ. ಆದ್ದರಿಂದ ಸರದಿಯನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ದರದ ಜೊತೆಗೇ ಬರೆದುಕೊಳ್ಳಿ.

ಬಟ್ಟೆಯ ಕೆಳಗೆ ಕೈಬೆರಳು ಹಿಡಿದು ದರ ಸೂಚಿಸುತ್ತಿದ್ದ ಪದ್ಧತಿಯಿಂದ ಕಂಪ್ಯೂಟರ್ ಟೆಂಡರ್‌ವರೆಗೆ ಭಾರತದ ಮಾರುಕಟ್ಟೆಗಳು ಬಂದಿವೆ. ರಾಷ್ಟ್ರೀಯ ಇ-ಮಾರುಕಟ್ಟೆಯಾದ ಇ-ನಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. ದರ ಎಲ್ಲರಿಗೂ ಕಾಣುವುದು ದೊಡ್ಡ ಲಾಭವೇ, ಆದರೆ ತೆರೆಯ ಮೇಲೆ ಹೆಚ್ಚಿನ ದರ ಕಂಡರೂ ಮುಂಗಡ ಪಡೆದವರು ಅಲ್ಲಿಗೆ ಮಾಲನ್ನು ತಿರುಗಿಸಲಾರರು. ಇದಕ್ಕಿಂತ ಆಳವಾದ ಬದಲಾವಣೆ ಅಳತೆಯಿಂದ ಬಂದ ಉದಾಹರಣೆ ಹಾಲಿನದು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹುಟ್ಟಿದ ಹಾಲು ಉತ್ಪಾದಕರ ಸಹಕಾರ ಒಕ್ಕೂಟದ ಮಾದರಿಯಲ್ಲಿ ಹಾಲನ್ನು ಅಳೆದು, ಕೊಬ್ಬಿನ ಅಂಶವನ್ನು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಹಣ ಕೊಡುತ್ತಾರೆ. ಹಾಲು ತಂದವರು ಯಾರೆಂಬುದು ಆ ಪರೀಕ್ಷೆಗೆ ಗೊತ್ತಿಲ್ಲ. ಪ್ರತಿದಿನ ಸಣ್ಣ ಪ್ರಮಾಣದಲ್ಲಿ ಬರುವ, ಸ್ಥಳದಲ್ಲಿಯೇ ಅಳೆಯಬಹುದಾದ ಸರಕಿಗೆ ಇದು ಹೊಂದುತ್ತದೆ, ವರ್ಷಕ್ಕೊಮ್ಮೆ ಬರುವ ಹತ್ತಿ ಅಥವಾ ಮೆಣಸಿನಕಾಯಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಅಳತೆ ಸಮಾನವಾದ ಮಾತ್ರಕ್ಕೆ ಎಲ್ಲವೂ ಸಮಾನವಾಗುವುದೂ ಇಲ್ಲ. ಮೇವು ಬೆಳೆಯಲು ನೆಲವಿದ್ದವರ ಮನೆಯಲ್ಲಿ ಹಸುಗಳು ಹೆಚ್ಚು, ಸಂಘದ ಆಡಳಿತ ಮಂಡಳಿಯಲ್ಲಿ ಕುರ್ಚಿಯೂ ಅವರಿಗೇ ಸಿಗುವ ಸಂಭವ ಹೆಚ್ಚು. ಆದ್ದರಿಂದ ಸಂಘವೊಂದನ್ನು ಅಧ್ಯಯನ ಮಾಡುವಾಗ ಸದಸ್ಯರ ಪಟ್ಟಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಸಂಬಳಕ್ಕಿರುವ ಸಿಬ್ಬಂದಿಯ ಪಟ್ಟಿ ಎಂಬ ಮೂರನ್ನೂ ಪಡೆದು ಹೋಲಿಸಬೇಕು. ಮೊದಲನೆಯದರಲ್ಲಿ ಎಲ್ಲರೂ ಇರುತ್ತಾರೆ.

ವ್ಯಾಪಾರ ಒಂದು ಗುಂಪಿನ ಕೈಯಲ್ಲಿದ್ದಾಗ ಬೆಲೆಯ ಮೇಲಿನ ಸಿಟ್ಟು ಆ ಗುಂಪಿನ ಮೇಲೆ ತಿರುಗುವುದನ್ನು ಅನೇಕ ದೇಶಗಳ ಇತಿಹಾಸ ತೋರಿಸುತ್ತದೆ. ಘಾನಾದ ಮಾರುಕಟ್ಟೆಗಳಲ್ಲಿ ಟೊಮ್ಯಾಟೊ, ಗೆಣಸಿನಂಥ ಒಂದೊಂದು ಸರಕಿಗೂ ವ್ಯಾಪಾರಿ ಮಹಿಳೆಯರೊಳಗಿಂದಲೇ ಒಬ್ಬ ‘ರಾಣಿ’ ಇರುತ್ತಾಳೆ. ವಿವಾದಗಳನ್ನು ಬಗೆಹರಿಸುವವಳು ಅವಳೇ, ಹೊರಗಿನಿಂದ ಬರುವ ಮಾಲಿನ ಮೇಲೆ ಹಿಡಿತವಿರುವವಳೂ ಅವಳೇ. ಹೊರಗಿನಿಂದ ನೋಡಿದವರಿಗೆ ಇದು ಏಕಸ್ವಾಮ್ಯವಾಗಿ ಕಾಣುತ್ತದೆ, ಒಳಗಿನವರಿಗೆ ಕಷ್ಟಕಾಲದ ಆಸರೆಯಾಗಿಯೂ ಕಾಣುತ್ತದೆ. ದೇಶದಲ್ಲಿ ಸರಕಿನ ಅಭಾವ ತೀವ್ರವಾಗಿದ್ದಾಗ, 1979ರ ಆಗಸ್ಟ್‌ನಲ್ಲಿ, ದಾಸ್ತಾನು ಮಾಡುತ್ತಾರೆಂಬ ಆರೋಪದ ಮೇಲೆ ಸೈನಿಕರು ಅಕ್ರಾ ನಗರದ ಮಕೋಲಾ ಮಾರುಕಟ್ಟೆಯನ್ನು ನೆಲಸಮ ಮಾಡಿದರು. ಉಗಾಂಡಾದಲ್ಲಿ 1972ರಲ್ಲಿ ಸೇನಾ ಆಡಳಿತಗಾರ ಇದಿ ಅಮೀನ್, ಹತ್ತಿ ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ ಕೆಲಸ) ಮತ್ತು ವ್ಯಾಪಾರದಲ್ಲಿ ಪ್ರಬಲರಾಗಿದ್ದ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನ ಕೊಟ್ಟ. ಘಾನಾದಲ್ಲಿ ಅಭಾವದ ಬೇರು ಸರ್ಕಾರದ ಬೆಲೆ ಮತ್ತು ವಿನಿಮಯ ನೀತಿಗಳಲ್ಲಿಯೂ ಇತ್ತು, ಉಗಾಂಡಾದಲ್ಲಿ ಗುಂಪನ್ನು ಹೊರಹಾಕಿದ ಮೇಲೆ ಅಭಾವ ಇನ್ನೂ ಬೆಳೆಯಿತು. ನಿಮ್ಮ ಕ್ಷೇತ್ರದಲ್ಲಿ ಯಾರಾದರೂ ಒಂದು ಸಮುದಾಯದ ಹೆಸರು ಹಿಡಿದು ‘ಅವರಿಂದಲೇ ಬೆಲೆ ಬಿದ್ದದ್ದು’ ಎಂದರೆ, ಆ ವರ್ಷದ ಆಮದು, ರಫ್ತು ನಿಷೇಧ ಮತ್ತು ಸರ್ಕಾರಿ ಖರೀದಿಯ ವಿವರಗಳನ್ನು ಅದೇ ದಿನ ಹುಡುಕಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ರೈತನೆಂಬುದೂ ಒಂದು ಅಸ್ಮಿತೆಯೇ, ಮತ್ತು ಅದನ್ನು ಕಟ್ಟಬೇಕಾಗುತ್ತದೆ. 1980ರಲ್ಲಿ ನವಲಗುಂದ-ನರಗುಂದದ ರೈತ ಹೋರಾಟದ ಬೆನ್ನಿಗೇ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘದ ಹಸಿರು ಶಾಲು ಬೇರೆ ಬೇರೆ ಜಾತಿಗಳ ಬೆಳೆಗಾರರನ್ನು ಒಂದು ಬಣ್ಣದಡಿ ತಂದಿತು. ಬೊಲಿವಿಯಾದಲ್ಲಿ 1985ರ ನಂತರ ತವರದ ಗಣಿಗಳು ಮುಚ್ಚಿ ಕೆಲಸ ಕಳೆದುಕೊಂಡವರಲ್ಲಿ ಅನೇಕರು ಚಪಾರೆ ಪ್ರದೇಶಕ್ಕೆ ಹೋಗಿ ಕೋಕಾ (ಕೋಕೊ ಅಲ್ಲ, ಎಲೆಗಾಗಿ ಬೆಳೆಯುವ, ಕೊಕೇನಿಗೂ ಮೂಲವಾದ ಗಿಡ) ಬೆಳೆಯತೊಡಗಿದರು. ಗಣಿಯ ಸಂಘಟನೆಯ ಅನುಭವವನ್ನು ಅವರು ಜೊತೆಗೊಯ್ದಿದ್ದರು, ಕೋಕಾ ಎಲೆಯನ್ನು ಮೂಲನಿವಾಸಿಗಳ ಪರಂಪರೆಯ ಎಲೆಯೆಂದು ಬೆಳೆಗಾರರ ಸಂಘಗಳು ಎತ್ತಿಹಿಡಿದವು, ಆ ಸಂಘಗಳ ನಾಯಕ ಎವೊ ಮೊರಾಲೆಸ್ 2005ರ ಡಿಸೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಇಂಥ ಚಳವಳಿಯನ್ನು ಅಧ್ಯಯನ ಮಾಡುವಾಗ ಬೇಡಿಕೆಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿ ಬೇಡಿಕೆಯೂ ಈಡೇರಿದರೆ ಮಾರುವಷ್ಟು ಬೆಳೆಯುವವರಿಗೆ, ಕೊಂಡು ತಿನ್ನುವವರಿಗೆ ಮತ್ತು ಕೂಲಿಗೆ ಹೋಗುವವರಿಗೆ ಏನಾಗುತ್ತದೆ ಎಂದು ಬೇರೆಬೇರೆಯಾಗಿ ಬರೆಯಿರಿ. ಧಾನ್ಯದ ಬೆಲೆ ಏರಿ ಕೂಲಿ ಏರದಿದ್ದರೆ ಅದೇ ಊರಿನ ಭೂಹೀನರಿಗೆ ನಷ್ಟ. ‘ನಾವು’ ಎಂಬ ಮಾತಿನಲ್ಲಿ ಅವರು ಇದ್ದಾರೆಯೇ ಎಂಬುದು ಆಗ ತಿಳಿಯುತ್ತದೆ.

ಕನ್ನಡ ಬಲ್ಲವರಿಗೆ ಇದಕ್ಕೊಂದು ಒಳ್ಳೆಯ ಸಾಧನ ಭಾಷೆಯಲ್ಲಿಯೇ ಇದೆ: ‘ನಮ್ಮವರು’ ಎಂಬ ಪದ. ಅದು ಮಾತಿನಲ್ಲಿ ಬಂದಾಗಲೆಲ್ಲ, ಯಾವ ಸಂದರ್ಭದಲ್ಲಿ ಬಂತು ಮತ್ತು ಆಗ ಅದರೊಳಗೆ ಯಾರ್‍ಯಾರು ಇದ್ದರು ಎಂದು ಗುರುತು ಮಾಡಿಕೊಳ್ಳಿ. ಮತದ ಮಾತಿನಲ್ಲಿ ‘ನಮ್ಮವರು’ ಆಗಿದ್ದವರು ಸಾಲದ ಮಾತಿನಲ್ಲಿ ಅಲ್ಲದಿರಬಹುದು, ನೀರಿನ ಸರದಿಯಲ್ಲಿ ಇಡೀ ಓಣಿಯೇ ‘ನಮ್ಮವರು’ ಆಗಿ, ಮದುವೆಯ ಮಾತು ಬಂದೊಡನೆ ಆ ವೃತ್ತ ನಾಲ್ಕು ಮನೆಗಳಿಗೆ ಕುಗ್ಗಬಹುದು. ಬೇರೆ ಭಾಷೆಯ ಪ್ರದೇಶದಲ್ಲಿದ್ದರೆ ಅಲ್ಲಿ ಇದೇ ಕೆಲಸ ಮಾಡುವ ಪದ ಯಾವುದೆಂದು ಮೊದಲ ವಾರದಲ್ಲಿಯೇ ತಿಳಿದುಕೊಳ್ಳಬೇಕು. ‘ನಿಮ್ಮ ಜಾತಿ ಯಾವುದು’ ಎಂಬ ಪ್ರಶ್ನೆಗೆ ಸಿಗುವುದು ಒಂದು ಹೆಸರು ಮಾತ್ರ, ಅದು ಎಲ್ಲಿ ಕೆಲಸ ಮಾಡುತ್ತದೆ ಎಂಬ ವಿವರವಲ್ಲ.

ನಿಮ್ಮ ಗುರುತನ್ನೂ ಊರು ಓದುತ್ತಿರುತ್ತದೆ. ನೀವು ಯಾರ ಮನೆಯಲ್ಲಿ ಉಳಿದಿರಿ, ಎಲ್ಲಿ ಊಟ ಮಾಡಿದಿರಿ, ಯಾರ ಬೈಕಿನ ಹಿಂದೆ ಕುಳಿತು ಬಂದಿರಿ ಎಂಬುದರ ಮೇಲೆ ಯಾರು ನಿಮ್ಮೊಂದಿಗೆ ಮಾತಾಡುತ್ತಾರೆ ಎಂಬುದು ಮೊದಲೆರಡು ದಿನಗಳಲ್ಲಿಯೇ ನಿಶ್ಚಯವಾಗುತ್ತದೆ, ಎರಡನೆಯ ವಾರ ಅದನ್ನು ಬದಲಿಸಲು ಹೊರಟರೆ ತಡವಾಗಿರುತ್ತದೆ. ಸಾಧ್ಯವಾದರೆ ಯಾರ ಮನೆಯೂ ಅಲ್ಲದ ಸ್ಥಳದಲ್ಲಿ ಉಳಿಯಿರಿ, ಸಹಾಯಕರು ಇಬ್ಬರಿರಲಿ, ಆ ಇಬ್ಬರೂ ಒಂದೇ ಓಣಿಯವರಾಗಿರದಿರಲಿ.

ಎಲ್ಲವನ್ನೂ ಅಸ್ಮಿತೆಗೆ ಕಟ್ಟುವ ಚಟವೂ ಒಂದು ಅಪಾಯ. ಮೂರು ಚೀಲ ತಂದವರಿಗೆ ಚೀಲವೊಂದಕ್ಕೆ ಬೀಳುವ ಸಾಗಣೆ ಖರ್ಚು ಮೂವತ್ತು ಚೀಲ ತಂದವರಿಗಿಂತ ಹೆಚ್ಚು, ಅವರ ಜಾತಿ ಯಾವುದೇ ಇರಲಿ. ಆದ್ದರಿಂದ ಒಂದೇ ದಿನ, ಒಂದೇ ದರ್ಜೆಯ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಮಾಲನ್ನು ಮಾರಿದ ಇಬ್ಬರನ್ನು, ಸಾಲವಿದ್ದವರನ್ನು ಸಾಲವಿದ್ದವರೊಂದಿಗೆ, ಇಲ್ಲದವರನ್ನು ಇಲ್ಲದವರೊಂದಿಗೆ ಜೋಡಿಸಿ ನೋಡಬೇಕು. ಆಗಲೂ ವ್ಯತ್ಯಾಸ ಉಳಿದರೆ ಅಸ್ಮಿತೆಯ ವಾದಕ್ಕೆ ಬಲ ಬರುತ್ತದೆ. ವ್ಯತ್ಯಾಸ ಅಳಿಸಿಹೋದರೆ ಕೆಲಸ ಮುಗಿಯಿತೆಂದಲ್ಲ: ಅವರ ಬಳಿ ಮೂರೇ ಚೀಲ ಏಕಿವೆ ಎಂಬುದು ನೆಲದ ಇತಿಹಾಸದ ಪ್ರಶ್ನೆ, ಅದು ಮೊದಲ ಕೈಯ ಟಿಪ್ಪಣಿಗೆ ಸೇರಬೇಕು. ನಿಮ್ಮ ವಾದಕ್ಕೆ ವಿರುದ್ಧವಾದ ಪ್ರಸಂಗಗಳಿಗಾಗಿ ಬೇರೆಯೇ ಒಂದು ಪುಸ್ತಕವಿಡಿ. ತನ್ನವರನ್ನು ಬಿಟ್ಟು ಪರರಿಗೆ ಮಾರಿದವರು, ಪರರಿಗೆ ಜಾಮೀನಿಲ್ಲದೆ ಸಾಲ ಕೊಟ್ಟವರು ಸಿಕ್ಕಾಗ ಅಂಥವರೊಂದಿಗೆ ಹೆಚ್ಚು ಹೊತ್ತು ಕೂರಿ. ಅವರಲ್ಲಿ ಹಲವರು ಆ ವರ್ಷ ಯಾರಿಗೂ ಬಾಕಿ ಇಟ್ಟುಕೊಂಡಿರದವರು ಎಂಬುದು ಕಂಡುಬಂದರೆ, ಎರಡನೆಯ ಕೈಯ ಬಗ್ಗೆ ಬರೆದದ್ದನ್ನು ಮತ್ತೊಮ್ಮೆ ತೆಗೆದು ಓದಿ.

ಬರೆಯುವಾಗ ಊರಿನ ಹೆಸರನ್ನೂ ಜನರ ಹೆಸರನ್ನೂ ಮರೆಮಾಡಿ. ಪಟ್ಟಿಗಳ ಚಿತ್ರಗಳಲ್ಲಿ ಅಂಗಡಿಯ ಹೆಸರು ಮತ್ತು ಸಂಖ್ಯೆ ಕಾಣದಂತೆ ನೋಡಿಕೊಳ್ಳಿ, ಏಕೆಂದರೆ ನಿಮ್ಮ ವರದಿಯನ್ನು ಓದುವ ಮೊದಲ ವ್ಯಕ್ತಿ ಮುಂಗಡ ಕೊಟ್ಟವನೇ ಆಗಿರಬಹುದು. ಕರಡನ್ನು ಅಚ್ಚಿಗೆ ಕೊಡುವ ಮುನ್ನ ಮುಂದಿನ ಸುಗ್ಗಿಗೆ ಮತ್ತೊಮ್ಮೆ ಅದೇ ಮನೆಗೆ ಹೋಗಿ, ಆ ವರ್ಷದ ಚೀಲ ಯಾವ ಯಾವ ಕೈಗಳ ಮೂಲಕ ಹೋಯಿತೆಂದು ಕೇಳಿ, ಹಿಂದಿನ ವರ್ಷದ ಪಟ್ಟಿಯ ಪಕ್ಕದಲ್ಲಿ ಬರೆಯಿರಿ.